ಆಷಾಢದಲ್ಲಿ ಬರೆದಿಟ್ಟ ಮದುವೆ ಪದ್ಯಗಳು

ನಮ್ಮ ಅಡುಗೆಮನೆಯ ಗೋಡೆಯ ಮೇಲೆ, ಮಿಕ್ಸಿಯ ನೆತ್ತಿಗೆ ಸರಿಯಾಗಿ, ಒಂದು ದೊಡ್ಡ ಹಾಳೆ ಅಂಟಿಕೊಂಡಿದೆ. ವರ್ಷವಿಡೀ ನಾನು ಏನೇನು ಬರೆಯಬೇಕು ಅನ್ನುವುದು ಅದರಲ್ಲಿ ಬಣ್ಣಬಣ್ಣದ ಚೌಕಗಳಾಗಿ ಕೂತಿದೆ. ಆಷಾಢಕ್ಕೆ ಹಳದಿ, ಅಂದರೆ ಮದುವೆ ಪದ್ಯ. ಧನುರ್ಮಾಸಕ್ಕೆ ಹಸಿರು, ಗೃಹಪ್ರವೇಶ ಮತ್ತು ನಾಮಕರಣ. ಬೇಸಿಗೆಗೆ ಮುಂಚೆ ನೀಲಿ, ನಿವೃತ್ತಿಯಾಗುವವರಿಗೆ ಬಿನ್ನವತ್ತಳೆ. ಹಾಳೆ ಅಂಟಿಸಿದವಳು ನನ್ನ ತಮ್ಮನ ಮಗಳು ಕಾವ್ಯ. ಮಂಡ್ಯದ ಒಂದು ಕಾಲೇಜಿನಲ್ಲಿ ವಾಣಿಜ್ಯದ ಪಾಠ ಮಾಡುತ್ತಾಳೆ. ಹೆಸರು ಕಾವ್ಯವಾದರೂ ಅವಳಿಗೆ ಅರ್ಥವಾಗುವುದು ವ್ಯಾಪಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಯಾರಾದರೂ ಕೇಳಿದರೆ ಮದುವೆಗೋ ಬೀಳ್ಕೊಡುಗೆಗೋ ನಾಲ್ಕು ಪದ್ಯ ಬರೆದುಕೊಡುವುದು ನನ್ನ ಹಳೆಯ ಚಾಳಿ. ಆ ಚಾಳಿಯನ್ನು ಅಂಗಡಿಯಾಗಿ ಮಾಡುತ್ತೇನೆಂದು ಕಾವ್ಯ ಹಠ ಹಿಡಿದಳು.

"ಅತ್ತೆ, ನಿಂಗೆ ಸ್ಫೂರ್ತಿ ಬರೋವರ್ಗೂ ಕಾದ್ರೆ, ಪದ್ಯ ಕೇಳಿದೋರು ಮದ್ವೆ ಮುಗ್ಸಿ ಮಗೂನ ಸ್ಕೂಲಿಗೆ ಸೇರ್ಸಿರ್ತಾರೆ. ಮೊದ್ಲೇ ಬರ್ದು ಇಟ್ಕೋಬೇಕು. ಆನ್‌ಲೈನಲ್ಲಿ ಹಾಕಣ. ಬೇಕಾದೋರು ಹೆಸ್ರು ತುಂಬ್ಕೊಂಡು ತಗೋತಾರೆ," ಅಂದಳು.

ಆನ್‌ಲೈನ್ ಅಂಗಡಿಗೆ ನನ್ನದೊಂದು ಫೋಟೋ ಬೇಕಾಯಿತು. ನನ್ನ ಹತ್ತಿರ ಇದ್ದ ಒಳ್ಳೆಯ ಫೋಟೋ ನಿವೃತ್ತಿಯ ದಿನ ತೆಗೆದದ್ದು. ಕಾವ್ಯ ನೋಡಿ ವಾಪಸ್ಸು ಕೊಟ್ಟಳು. "ಹಾರ ಹಾಕಿರೋ ಫೋಟೋ ಬ್ಯಾಡ ಅತ್ತೆ, ಜನ ತಪ್ಪು ತಿಳ್ಕೋತಾರೆ."

ಹಾಳೆಯ ಪ್ರಕಾರ ಬೆಳಗಿನ ಕಾಫಿಯಾದ ಕೂಡಲೇ ನಾನು ಬರೆಯಲು ಕೂರಬೇಕು. ಮೊದಲ ದಿನ ಕೂತೆ ಕೂಡ. ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ, ಬೇರೆ ಪೆನ್ನು ಹುಡುಕಿದೆ. ಹುಡುಕುವಾಗ ಹುಣಸೆಹಣ್ಣಿನ ಜಾಡಿ ಕಣ್ಣಿಗೆ ಬಿತ್ತು. ನಾರು ಹಾಗೇ ಉಳಿದಿತ್ತು, ಕೂತು ತೆಗೆದೆ. ನಾರು ತೆಗೆದ ಮೇಲೆ ಕೈ ಅಂಟು, ಕೈ ತೊಳೆಯಲು ಹೋದಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು. ಮಂಡ್ಯದಲ್ಲಿ ನಲ್ಲಿ ನೀರು ಬರುವಾಗ ಯಾರಾದರೂ ಪದ್ಯ ಬರೆಯುತ್ತಾರೆಯೇ? ಸಂಜೆ ಕಾವ್ಯ ಬಂದು ಹಳದಿ ಚೌಕ ನೋಡಿ, ನನ್ನ ಮುಖ ನೋಡಿದಳು. ಶಾಲೆಯಲ್ಲಿ ಹೋಮ್‌ವರ್ಕ್ ಮಾಡದೆ ಬಂದ ಮಕ್ಕಳನ್ನು ನಾನು ಹಾಗೆ ನೋಡುತ್ತಿದ್ದೆ.

ಆದರೆ ಇದೆಲ್ಲ ನನಗೆ ಹೊಸದಲ್ಲ. ಆಷಾಢದಲ್ಲಿ ಕೂತು ಮದುವೆ ಪದ್ಯಗಳನ್ನು ಬರೆದಿಟ್ಟುಕೊಳ್ಳುವ ವಿದ್ಯೆಯನ್ನು ನಾನು ಕಲಿತದ್ದು ಮದ್ದೂರಿನಲ್ಲಿ, ನನ್ನ ಸೋದರಮಾವನ ಪ್ರೆಸ್ಸಿನಲ್ಲಿ. ಆಗ ನಾನಿನ್ನೂ ಕಾಲೇಜು ಹುಡುಗಿ.

ಮಾವನ ಹೆಸರು ಬೋರಣ್ಣ. ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಅವರ ಪ್ರೆಸ್ಸು. ಕಾಲಿನಲ್ಲಿ ತುಳಿಯುವ ಒಂದು ಯಂತ್ರ, ಗೂಡುಗೂಡಾದ ಮರದ ಪೆಟ್ಟಿಗೆಗಳಲ್ಲಿ ಸೀಸದ ಅಕ್ಷರಮೊಳೆಗಳು, ಸೀಮೆಎಣ್ಣೆ ಮತ್ತು ಶಾಯಿ ಬೆರೆತ ವಾಸನೆ. ಲಗ್ನಪತ್ರಿಕೆಯೇ ಮುಖ್ಯ ವ್ಯಾಪಾರ. ಆದರೆ ಆ ಕಾಲದಲ್ಲಿ ನಮ್ಮ ಕಡೆ ಮದುವೆ ಅಂದರೆ ಲಗ್ನಪತ್ರಿಕೆಯ ಜೊತೆಗೆ ಒಂದು ಶುಭಾಶಯ ಪದ್ಯವೂ ಇರಬೇಕು. ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಅಚ್ಚು ಹಾಕಿಸಿ, ಧಾರೆ ಮುಗಿದ ಮೇಲೆ ಮೈಕಿನಲ್ಲಿ ಓದಿ, ಪಂಕ್ತಿಯಲ್ಲಿ ಹಂಚುತ್ತಿದ್ದರು. ಜನ ಅದರಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು, ಎಲೆಅಡಿಕೆ ಸುತ್ತಿಕೊಳ್ಳುತ್ತಿದ್ದರು, ಕೆಲವರು ಓದುತ್ತಲೂ ಇದ್ದರು.

ನಮ್ಮ ಮನೆ ಹನಕೆರೆಯಲ್ಲಿ. ಆಷಾಢ ಬಂತೆಂದರೆ ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಮದ್ದೂರಿಗೆ ಇಳಿಯುತ್ತಿದ್ದೆ. ಮದುವೆಗಳಿಲ್ಲದ ತಿಂಗಳು, ಯಂತ್ರ ತಣ್ಣಗೆ ನಿಂತಿರುತ್ತಿತ್ತು. ಮಾವ ಬಾಗಿಲಲ್ಲೇ ಕಾಯುತ್ತಿದ್ದರು.

"ಬಾರವ್ವ ಕವಯಿತ್ರಿ. ಈಗ್ಲೇ ಬರ್ದು ಮಡಿಕಂಡ್ರೆ ಶ್ರಾವಣದಲ್ಲಿ ಉಸ್ರು ಬುಡಬೌದು. ಜನ ಎಂಗೆ ಗೊತ್ತಾ? ನಾಳೀಕೆ ಮದ್ವೆ ಮಡಿಕಂಡು ಇವತ್ತು ಪದ್ಯ ಕೇಳ್ತಾರೆ. ನೀನು ನೋಡುದ್ರೆ ಒಂದ್ ಸಾಲಿಗೆ ಒಂದ್ ದಿನ ಆಕಾಸ ನೋಡ್ತೀಯ."

ಮಾವನ ಲೆಕ್ಕಾಚಾರ ಸರಳ. ಮದುಮಕ್ಕಳೆಲ್ಲ ಒಂದೇ, ಬೇರೆಯಾಗುವುದು ಹೆಸರು ಮಾತ್ರ. ಆದ್ದರಿಂದ ಹೆಸರಿನ ಜಾಗ ಖಾಲಿ ಬಿಟ್ಟು ಬರೆದರಾಯಿತು. ನನಗೋ ಛಂದಸ್ಸಿನ ಹುಚ್ಚು. ಎರಡಕ್ಷರದ ರತ್ನಳಿಗೆ ಬರೆದ ಸಾಲಿನಲ್ಲಿ ಜಯಲಕ್ಷ್ಮಮ್ಮ ಹೇಗೆ ಹಿಡಿಸುತ್ತಾಳೆ? ಜಗಳ ಮಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಎರಡಕ್ಷರದ ಹೆಸರಿಗೆ ಒಂದು ಕಟ್ಟು, ಮೂರಕ್ಷರಕ್ಕೆ ಒಂದು ಕಟ್ಟು, ನಾಲ್ಕಕ್ಷರಕ್ಕೆ ಇನ್ನೊಂದು. ಅದಕ್ಕಿಂತ ಉದ್ದದ ಹೆಸರಿನ ಹೆಣ್ಣು ಬಂದರೆ ಮಾವ ಗಿರಾಕಿಯನ್ನೇ ಒಪ್ಪಿಸುತ್ತಿದ್ದರು. "ಮನೇಲಿ ಏನಂತ ಕೂಗ್ತೀರಿ? ಪುಟ್ಟಿ ಅಂತ್ಲಾ? ಅದ್ನೇ ಆಕವಾ ಬುಡಿ, ಬಾಯ್ ತುಂಬ್ತದೆ." ಹೀಗೆ ಮದ್ದೂರು ತಾಲ್ಲೂಕಿನ ಎಷ್ಟೋ ಪುಟ್ಟಸಿದ್ದಮ್ಮಂದಿರು ನಮ್ಮಿಂದಾಗಿ ಪುಟ್ಟಿಯರಾಗಿ ಗಂಡನ ಮನೆಗೆ ಹೋದರು.

ಶ್ರಾವಣದಲ್ಲಿ ಇನ್ನೊಂದು ಸಂಕಟ. ಎಲ್ಲ ಮನೆಯಲ್ಲೂ ಲಕ್ಷ್ಮಿಯರು. ಭಾಗ್ಯಲಕ್ಷ್ಮಿ, ವರಲಕ್ಷ್ಮಿ, ಮಹಾಲಕ್ಷ್ಮಿ, ದೇವಸ್ಥಾನವೂ ಲಕ್ಷ್ಮೀನರಸಿಂಹನದು, ಕಲ್ಯಾಣಮಂಟಪವೂ ಲಕ್ಷ್ಮಿಯದು. ನಮ್ಮ ಪೆಟ್ಟಿಗೆಯಲ್ಲಿ ಸವೆಯದೆ ಉಳಿದ 'ಕ್ಷ್ಮಿ' ಮೊಳೆಗಳು ಬೆರಳೆಣಿಕೆಯಷ್ಟು. ಒಂದು ಪತ್ರಿಕೆ ಅಚ್ಚಾಗಿ ಮೊಳೆ ಬಿಚ್ಚುವವರೆಗೂ ಇನ್ನೊಂದು ಮನೆಯ ಲಕ್ಷ್ಮಿ ಕಾಯಬೇಕು. ಮಾವ ಗಿರಾಕಿಗೆ ಗಂಭೀರವಾಗಿ, "ಲಕ್ಸ್ಮಿ ಇನ್ನೂ ಬಂದಿಲ್ಲ, ನಾಳೆ ಬನ್ನಿ," ಅನ್ನುತ್ತಿದ್ದರು. ಗಿರಾಕಿ ತಲೆದೂಗಿ ಹೋಗುತ್ತಿದ್ದ.

ಆ ಪದ್ಯಗಳ ಕೆಳಗೆ ನನ್ನ ಹೆಸರು ಎಂದೂ ಬರಲಿಲ್ಲ. 'ಇಂತಿ ಬಂಧುಮಿತ್ರರು' ಅಂತಲೇ ಇರುತ್ತಿತ್ತು. ನನ್ನ ಮೊದಲ ಪ್ರಕಟಿತ ಕೃತಿಗಳೆಲ್ಲ ಯಾರದೋ ಚಿಕ್ಕಪ್ಪ, ಯಾರದೋ ಷಡ್ಡಕರ ಹೆಸರಿನಲ್ಲಿವೆ. ಅದರ ಬಗ್ಗೆ ಬೇಸರವಿರಲಿಲ್ಲ. ರೈಲಿನಲ್ಲಿ ವಾಪಸ್ಸು ಹೋಗುವಾಗ ಯಾರಾದರೂ ಮದುವೆ ಮನೆಯಿಂದ ಬಂದವರು ಗುಲಾಬಿ ಕಾಗದ ಹಿಡಿದು ಕೂತಿದ್ದರೆ, ನಾನು ಅವರ ಕಣ್ಣು ಯಾವ ಸಾಲಿನ ಮೇಲಿದೆ ಅಂತ ಕದ್ದು ನೋಡುತ್ತಿದ್ದೆ. ಆ ಸುಖ ಆಮೇಲೆ ನನಗೆ ಯಾವುದರಲ್ಲೂ ಅಷ್ಟು ಸಿಕ್ಕಲಿಲ್ಲ.

ಇಷ್ಟೊಂದು ಜನರ ಮದುವೆಗೆ ಬರೆದ ನನಗೆ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಅಪ್ಪನ ಕಾಯಿಲೆ, ತಂಗಿಯ ಮದುವೆ, ತಮ್ಮನ ಓದು, ನನ್ನ ಕೆಲಸ, ವರ್ಗಾವಣೆ ಅಂತ ವರ್ಷಗಳು ಸರಿದವು. "ನಿನ್ ಮದ್ವೆ ಪದ್ಯ ಮಾತ್ರ ನಾನೇ ಬರ್ಯಾದು ಕಣವ್ವ, ನೀನು ಕೈ ಆಕ್ಕೂಡ್ದು," ಅಂತ ಮಾವ ಹೇಳುತ್ತಿದ್ದರು. ಅವರಿಗೆ ಬರೆಯುವ ಸಂದರ್ಭ ಬರಲಿಲ್ಲ. ಮದ್ದೂರಿಗೂ ಕಂಪ್ಯೂಟರು ಬಂತು. ಮೊಳೆಗಳನ್ನು ತೂಕಕ್ಕೆ ಹಾಕಿದ ದಿನ ಮಾವ ಪ್ರೆಸ್ಸಿನ ಕಡೆ ಸುಳಿಯಲಿಲ್ಲ. ರೈಲು ಹತ್ತಿ ಹನಕೆರೆಗೆ ಬಂದು, ನಮ್ಮ ಮನೆಗೂ ಬರದೆ, ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿದ್ದರು. ಸುದ್ದಿ ತಿಳಿದು ನಾನು ಓಡಿ ಹೋದರೆ, "ಸುಮ್ಕೆ ಬಂದೆ, ಗಾಳಿ ಚೆನ್ನಾಗಿತ್ತು," ಅಂದರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಕಡಲೆಕಾಯಿ ಮುಗಿಸಿದೆವು.

ಹೀಗೆ ಕಾವ್ಯಳ ಹಾಳೆಯ ಮುಂದೆ ಕೂತಾಗ ನಾನು ಬರೆಯುತ್ತಿದ್ದದ್ದಕ್ಕಿಂತ ಮದ್ದೂರಿಗೆ ಹೋಗಿಬರುತ್ತಿದ್ದದ್ದೇ ಹೆಚ್ಚು. ಆದರೂ ಹೇಗೋ ಹಳದಿ ಚೌಕಗಳು ತುಂಬಿದವು. ಪದ್ಯಗಳು ಅಂಗಡಿ ಸೇರಿದವು. ಬೇಕಾದವರು ಗಂಡುಹೆಣ್ಣಿನ ಹೆಸರು ತುಂಬಿದರೆ ಪದ್ಯ ತಾನಾಗಿಯೇ ಅವರ ಫೋನಿಗೆ ಹೋಗುತ್ತಿತ್ತು. ನನಗೆ ತಿಳಿಯುತ್ತಲೂ ಇರಲಿಲ್ಲ. ಮಾವ ಇದ್ದಿದ್ದರೆ ಕಾವ್ಯಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರೆಸುತ್ತಿದ್ದರು.

ಒಂದು ಬೆಳಿಗ್ಗೆ ಫೋನು ಬಂತು. ಯಾರೋ ಹೆಣ್ಣುಮಗಳು. ಹೆಸರು ರೂಪ, ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ತವರು ಮಳವಳ್ಳಿ ಹತ್ತಿರದ ಹಳ್ಳಿ ಅಂದಳು.

"ಮೇಡಂ, ನಿಮ್ ಪದ್ಯ ಬಂತು. ಚೆನ್ನಾಗದೆ. ಆದ್ರೆ 'ಹೆತ್ತವರ ಮಡಿಲಿನ ಎಳೆಯ ಮೊಗ್ಗು' ಅಂತ ಅದ್ಯಲ್ಲಾ, ಅದೊಂದ್ ತೆಗೀಬೌದಾ?"

"ಯಾಕಮ್ಮ? ಮದುವೆ ಹೆಣ್ಣಿಗೆ ಹಾಗೇ ಅನ್ನೋದು."

"ಮದ್ವೆ ಹೆಣ್ಣು ನಮ್ಮವ್ವ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಅವಳೇ ಮುಂದುವರಿಸಿದಳು. ತಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಹೋದರಂತೆ. ಅವ್ವ ಚಂದ್ರಮ್ಮ ರೇಷ್ಮೆಹುಳ ಸಾಕಿ ಇವಳನ್ನು ಓದಿಸಿ ಮದುವೆ ಮಾಡಿದರು. ಈಗ ನಂಜುಂಡಯ್ಯ ಅನ್ನುವವರ ಜೊತೆ ಅವ್ವನ ಮದುವೆ ಗೊತ್ತಾಗಿದೆ. ಅವರೂ ಹೆಂಡತಿಯನ್ನು ಕಳೆದುಕೊಂಡವರು. "ಸದ್ದಿಲ್ದೆ ಮಾಡಿ ಮುಗ್ಸಿ ಅಂತಾರೆ ಎಲ್ಲಾರೂ. ಕದ್ದುಮುಚ್ಚಿ ಯಾಕ್ ಮಾಡ್ಬೇಕು ಮೇಡಂ? ನನ್ ಮದ್ವೇಲಿ ಪದ್ಯ ಓದುಸುದ್ರು. ನಮ್ಮವ್ವುಂದ್ರಲ್ಲೂ ಓದ್ಬೇಕು," ಅಂದಳು.

ಗೋಡೆಯ ಹಾಳೆಯಲ್ಲಿ ಅದಕ್ಕೊಂದು ಬಣ್ಣವಿರಲಿಲ್ಲ. ಮರುದಿನ ನಾನು ಮಳವಳ್ಳಿ ಬಸ್ಸು ಹತ್ತಿದೆ. "ಒಂದ್ ಪದ್ಯಕ್ಕೆ ಎರಡೆರಡ್ ಬಸ್ಸು ಹತ್ತಿ ಇಳಿದ್ರೆ ನಮ್ ಪ್ಲಾನ್ ಗತಿ ಏನತ್ತೆ?" ಅಂತ ಕಾವ್ಯ ಬಾಗಿಲವರೆಗೂ ಬಂದು ಗೊಣಗಿದಳು. ಗೊಣಗುತ್ತಲೇ ನೀರಿನ ಬಾಟಲಿ ಚೀಲಕ್ಕೆ ಹಾಕಿದಳು.

ಚಂದ್ರಮ್ಮನ ಹುಳುಮನೆಗೆ ಕಾಲಿಟ್ಟರೆ ಹೊರಗೆ ಬಿಸಿಲಿದ್ದರೂ ಒಳಗೆ ಜಿಟಿಜಿಟಿ ಮಳೆಯ ಸದ್ದು. ಸಾಲು ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುತ್ತಿದ್ದವು. ಚಂದ್ರಮ್ಮ ಗಟ್ಟಿಮುಟ್ಟಾದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಪ್ಪುನೇರಳೆ ಸೊಪ್ಪು ಹರವುತ್ತಿದ್ದರು. "ಬನ್ನಿ, ಕುತ್ಕಳಿ. ಸೊಪ್ಪಾಕ್ತಾ ಮಾತಾಡ್ತೀನಿ, ಹುಳ ಕಾಯಾಕಿಲ್ಲ," ಅಂದರು. ಮದುವೆಯ ದಿನವನ್ನೂ ಅವರು ಹುಳುಗಳನ್ನು ಕೇಳಿಯೇ ಇಟ್ಟಂತಿತ್ತು. ಗೂಡು ಬಿಡಿಸಿ ಮಾರಿದ ಮೇಲೆ, ಮುಂದಿನ ಮೊಟ್ಟೆ ತರುವುದಕ್ಕೆ ಮುಂಚೆ ಸಿಗುವ ಬಿಡುವಿನಲ್ಲಿ. ಕಾವ್ಯ ನೋಡಿದ್ದರೆ ಮೆಚ್ಚುತ್ತಿದ್ದಳು.

ಬಂದ ಕಾರಣ ಹೇಳಿದೆ. ಅವರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಪದ್ಯಗಿದ್ಯ ಎಲ್ಲ ಯಾಕಮ್ಮ? ಈ ವಯಸ್ನಲ್ಲಿ ತಾಳಿ ಕಟ್ಟಿಸ್ಕಳಾದೇ ನಗೆಪಾಟ್ಲು. ಮ್ಯಾಲೆ ಮೈಕಲ್ ಬ್ಯಾರೆ ಕೂಗ್ಸ್‌ಬೇಕಾ? ನನ್ ಮೊದಲ್ನೇ ಮದ್ವೇಲೂ ಓದುದ್ರು. ಗಂಡಿನ ತಾತ, ಮುತ್ತಾತ, ಗದ್ದೆ, ತ್ವಾಟ ಎಲ್ಲಾ ಬಂತು. ನನ್ನೆಸ್ರು ಬರೋ ಒತ್ಗೆ ಕರೆಂಟು ಓಯ್ತು."

ನಂಜುಂಡಯ್ಯನವರು ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಇಡೀ ಜೀವಮಾನ ಕೆಲಸ ಮಾಡಿದವರೆಂದು ರೂಪ ಹೇಳಿದ್ದಳು. ನನ್ನ ಬಾಯಿ ಸುಮ್ಮನಿರಲಿಲ್ಲ. "ಅದಕ್ಕೇನಾ ಈ ಸಲ ಕರೆಂಟು ತಯಾರು ಮಾಡೋರನ್ನೇ ಹುಡುಕಿದ್ದು?" ಅಂದುಬಿಟ್ಟೆ.

ಚಂದ್ರಮ್ಮ ಸೊಪ್ಪಿನ ಹೊರೆ ಕೆಳಗಿಟ್ಟು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಅವರ ಮಾತು ಸಲೀಸಾಯಿತು.

"ಆವಯ್ಯ ನಿವೃತ್ತಿ ಆದ್ಮೇಲೆ ಒಂದೀಟು ಜಮೀನಲ್ಲಿ ಸೊಪ್ಪು ಬೆಳುದ್ರು. ನಮಗೆ ಸೊಪ್ಪು ಕಮ್ಮಿ ಆದಾಗ ತಂದ್ಕೊಡೋರು. ಆ ಮಿಸಿನ್ನುಗಳ ಸದ್ದಿನಾಗೆ ಕೂತು ಕೂತು ಒಂದ್ ಕಿವಿ ಸರಿಯಾಗಿ ಕೇಳ್ಸಾಕಿಲ್ಲ. ಅದ್ಕೆ ನಾನೇನಾರ ಯೋಳುದ್ರೆ ಇಂಗೆ ತಲೆ ಬಗ್ಸಿ, ಒಳ್ಳೇ ಕಿವಿ ಈ ಕಡೆ ಕೊಡ್ತಾರೆ. ಸೊಪ್ಪಿನ್ ಮಾತೇ ಆಗ್ಲಿ, ಸೊಳ್ಳೆ ಮಾತೇ ಆಗ್ಲಿ." ಚಂದ್ರಮ್ಮ ತಲೆ ಬಾಗಿಸಿ ತೋರಿಸಿದರು. "ನಾನು ಮಾತಾಡಿದ್ದ ಅಂಗೆ ಕಿವಿಗೊಟ್ಟು ಕೇಳಿದೋರು ಈ ಜನ್ಮದಾಗೆ ಯಾರೂ ಇರ್ಲಿಲ್ಲ ಕಣಮ್ಮ."

ಚಂದ್ರಮ್ಮ ಹೊರೆ ಎತ್ತಿಕೊಂಡು ಮತ್ತೆ ಸೊಪ್ಪು ಹರವತೊಡಗಿದರು.

"ನಮ್ಮಣ್ಣ ಬರಾಕಿಲ್ಲ ಅಂದವ್ನೆ," ಅಂದರು ಆಮೇಲೆ. "ಅಪ್ಪ ತೀರ್ಕಂಡ್ಮೇಲೆ ನನ್ನ ಸಾಕಿದ್ದೇ ಅವ್ನು. ಮಗಳ್ ಮದ್ವೆ ಆದ್ಮೇಲೆ ನಿಂಗೆಂತ ಮದ್ವೆ, ಜನಕ್ಕೆ ಏನಂತ ಮಕ ತೋರುಸ್ಲಿ ಅಂತ ಕೂಗಾಡ್ದ. ಅವ್ನು ಬರ್ನಿಲ್ಲ ಅಂತ ಮದ್ವೆ ನಿಲ್ಲಾಕಿಲ್ಲ. ಆದ್ರೆ..." ಸೊಪ್ಪು ಹರವುತ್ತಿದ್ದ ಕೈ ನಿಂತಿತು. ಹೊರಡುವಾಗ, "ಬರೀರಿ ಬೇಕಾದ್ರೆ. ಹಂಚುವಾ. ಓದಾದು ಬ್ಯಾಡ," ಅಂದರು.

ಬರೆಯಲು ಮಾತ್ರ ಸಿದ್ಧ ಪದ್ಯಗಳಾವುವೂ ಸಹಾಯಕ್ಕೆ ಬರಲಿಲ್ಲ. ಎಳೆಯ ಮೊಗ್ಗು, ಹೊಸ ಹಾದಿ, ಮುಂದೆ ಹುಟ್ಟುವ ಮಕ್ಕಳು ಇಲ್ಲದೆ ಮದುವೆ ಪದ್ಯ ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೂತೆ, ಹೊಡೆದು ಹಾಕಿದೆ, ಮತ್ತೆ ಕೂತೆ. ಹೀಗೇ ದಿನಗಳು ಸರಿದವು. ಕಾವ್ಯ ದಿನವೂ ಒಂದು ಸಲ ಇಣುಕಿ ಹೋಗುತ್ತಿದ್ದಳು. ಕೊನೆಗೆ ಆದದ್ದು ಹೀಗೆ ಶುರುವಾಗುತ್ತಿತ್ತು:

ಸೊಪ್ಪಿನ ಹೊರೆಯ ಹೊತ್ತು ಬಂದವಗೆ
ನೆರಳು ಕೊಟ್ಟಳು ಚಂದ್ರಮ್ಮ,
ಮಾತಿಗೆ ಬಾಗಿ ಕಿವಿ ಕೊಟ್ಟವಗೆ
ಮನಸು ಕೊಟ್ಟಳು ಚಂದ್ರಮ್ಮ.

ಮದುವೆ ಶಿವನಸಮುದ್ರದಲ್ಲಿ, ನದಿಯ ಕಡೆಗಿನ ಒಂದು ಚಿಕ್ಕ ದೇವಸ್ಥಾನದ ಛತ್ರದಲ್ಲಿ. ನಾನೂ ಕಾವ್ಯಳೂ ಅಚ್ಚಾದ ಹಾಳೆಗಳ ಕಟ್ಟು ಹಿಡಿದು ಹೋದೆವು. ಹೆಚ್ಚು ಜನ ಇರಲಿಲ್ಲ. ನಂಜುಂಡಯ್ಯನವರ ಜೊತೆ ಕೆಲಸ ಮಾಡಿದವರು ಒಂದಿಷ್ಟು ಮಂದಿ, ಚಂದ್ರಮ್ಮನ ಬೀದಿಯ ಹೆಂಗಸರು, ರೂಪಳ ಕಾರ್ಖಾನೆಯ ಗೆಳತಿಯರು. ಚಂದ್ರಮ್ಮ ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ಪುರೋಹಿತರು ಹೆಣ್ಣಿನ ಕಡೆಯವರು ಯಾರೆಂದು ಕೇಳಿದಾಗ ರೂಪ ಮುಂದೆ ಬಂದು ನಿಂತಳು. ಮಗಳೇ ತಾಯಿಯ ಕೈಹಿಡಿದು ಧಾರೆಗೆ ಕೊಟ್ಟಳು. ತಾಳಿ ಕಟ್ಟಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಯಾರೋ ಗದರಿದರು.

ಚಂದ್ರಮ್ಮ ಆ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಓದ್ಬುಡಿ ಮೇಡಂ. ನಗೋರು ನಗ್ಲಿ."

ನಾನು ಎದ್ದು ನಿಂತು, ಮಕ್ಕಳ ಮುಂದೆ ವರ್ಷಗಟ್ಟಲೆ ಓದಿದ ದನಿಯಲ್ಲಿ ಓದತೊಡಗಿದೆ. ಮೊದಲ ಸಾಲುಗಳಾದ ಮೇಲೆ ನಂಜುಂಡಯ್ಯನವರು ಹೆಂಡತಿಯ ಕಡೆ ಬಾಗಿ, ತಮಗೆ ಮೆಲ್ಲಗೆ ಅನ್ನಿಸಿದ ಆದರೆ ಛತ್ರಕ್ಕೆಲ್ಲ ಕೇಳುವ ದನಿಯಲ್ಲಿ, "ಏನಂದ್ರು?" ಅಂದರು. ಚಂದ್ರಮ್ಮ ಅವರ ಕಿವಿಗೆ, ಅಷ್ಟೇ ಜೋರಾಗಿ, "ಮನ್ಸು ಕೊಟ್ನಂತೆ!" ಅಂದರು. ಛತ್ರವೆಲ್ಲ ನಕ್ಕಿತು. ಆಗಿನ ಕಿಸಕ್ಕು ಬೇರೆ, ಈ ನಗು ಬೇರೆ. ಮದುಮಗನೂ ನಕ್ಕರು. ನಾನು ಓದಿ ಮುಗಿಸಿದಾಗ ಹೆಂಗಸರು ಕಾಗದಕ್ಕೆ ಕೈಚಾಚುತ್ತಿದ್ದರು.

ಊಟದ ಎಲೆ ಹಾಕುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಒಳಗೆ ಬರಲೋ ಬೇಡವೋ ಅನ್ನುವಂತೆ ಚಪ್ಪಲಿಯನ್ನು ಅರ್ಧ ಬಿಟ್ಟು ನಿಂತಿದ್ದರು. ರೂಪ, "ಮಾವ!" ಅಂತ ಓಡಿದಳು. ಚಂದ್ರಮ್ಮ ಕೂತಲ್ಲಿಂದ ಏಳಲಿಲ್ಲ.

ಅವರು ನೇರವಾಗಿ ತಂಗಿಯ ಮುಂದೆ ಬಂದು ಕವರನ್ನು ಮಡಿಲಲ್ಲಿಟ್ಟರು. "ತವರಿನ್ ಸೀರೆ ಇಲ್ದೆ ಅದೆಂಗಮ್ಮಿ ಮದ್ವೆ ಆದೆ? ಒಸಿ ಕಾಯಾಕ್ ಆಗ್ಲಿಲ್ವಾ?"

"ಬರಾಕಿಲ್ಲ ಅಂದ್ಯಲ್ಲಣ್ಣ."

"ಅಂದೆ. ಅಂದ್ ಮ್ಯಾಲೆ ಮನೇಲಿ ಕುತ್ಕಳಾಕ್ ಆಗ್ಲಿಲ್ಲ."

ಚಂದ್ರಮ್ಮ ಸೀರೆಯ ಕವರನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡು ತಲೆ ತಗ್ಗಿಸಿದರು. ಅವರ ಅಣ್ಣ ಏನು ಮಾಡುವುದೆಂದು ತಿಳಿಯದೆ ಸುತ್ತ ನೋಡಿದರು. ಎಲ್ಲರ ಕೈಯಲ್ಲೂ ಗುಲಾಬಿ ಬಣ್ಣದ ಹಾಳೆ. ಯಾರೋ ನನ್ನ ಕಡೆ ತೋರಿಸಿದರು. ಅವರು ವಲ್ಲಿಯಿಂದ ಮುಖ ಒರೆಸಿಕೊಂಡು ನನ್ನ ಬಳಿಗೆ ಬಂದರು.

"ಮೇಡಮ್ಮೋರೆ, ನಮ್ ಚಂದ್ರಿ ಮ್ಯಾಲೆ ಅದೇನೋ ಓದುದ್ರಂತಲ್ಲ. ನಾ ಬಂದಿದ್ದು ತಡ ಆಯ್ತು. ಇನ್ನೊಂದ್ಸಲ ಓದ್ತೀರಾ?"

ಬಡಿಸಲು ಬಂದವರು ಪಾತ್ರೆ ಹಿಡಿದುಕೊಂಡೇ ನಿಂತರು. ಅಣ್ಣ ತಂಗಿಯ ಪಕ್ಕದಲ್ಲಿ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರು. ನಾನು ಹಾಳೆ ಬಿಡಿಸಿ ಮೊದಲಿನಿಂದ ಓದಿದೆ.